ಅರ್ಹತೆಯೂ ಅರ್ಜಿಯೂ

ಉದ್ಯೋಗದ ಜಾಹೀರಾತು ಕೇಳುವ ಹತ್ತು ಅರ್ಹತೆಗಳಲ್ಲಿ ಏಳು ತಮ್ಮಲ್ಲಿದ್ದರೂ, ಇಲ್ಲದ ಮೂರನ್ನೇ ಎಣಿಸಿ ಲೇಖನಿಯನ್ನು ಕೆಳಗಿರಿಸುವ ತರುಣ ತರುಣಿಯರು ನಮ್ಮಲ್ಲಿ ಅನೇಕರಿದ್ದಾರೆ.

ಅಂಥವರು ಒಂದು ನಿದರ್ಶನವನ್ನು ನೆನೆಯಲಿ. ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬನ್ನು ಕಲಿತ ಮೈಕೆಲ್ ಫ್ಯಾರಡೆ, ಕಾಲೇಜಿನ ಮೆಟ್ಟಿಲನ್ನೇ ಹತ್ತದವನಾದರೂ, 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಅವುಗಳ ಸಾರವನ್ನು ಚಿತ್ರಸಹಿತವಾಗಿ ಬರೆದು, ತನ್ನ ಕೈಯಿಂದಲೇ ಹೊತ್ತಗೆಯಾಗಿ ಕಟ್ಟಿ, ಕೆಲಸವನ್ನು ಬೇಡುವ ಪತ್ರದೊಡನೆ ಆ ಮಹಾವಿಜ್ಞಾನಿಗೆ ಕಳುಹಿಸಿದನು. ಆಗ ಸ್ಥಾನ ತೆರವಿರಲಿಲ್ಲ. ಆದರೆ 1813ರ ಮಾರ್ಚ್ ತಿಂಗಳಲ್ಲಿ ವಿಜ್ಞಾನ ಸಂಸ್ಥೆಯಾದ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಹಾಯಕನ ಹುದ್ದೆ ಅವನದಾಯಿತು. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದು ಲೋಕೋಪಕಾರ ಮಾಡಿದವನು ಆ ಸಹಾಯಕನೇ.

ವೈದ್ಯನಿಗೆ ಪದವಿ ಅನಿವಾರ್ಯ, ನಿಜ. ಆದರೆ ಅಂತಹ ನಿರ್ಬಂಧವಿಲ್ಲದೆಡೆಯಲ್ಲಿ, ಇಲ್ಲದ್ದನ್ನು ಉಂಟೆನ್ನದೆ, ಇರುವುದನ್ನು ಪ್ರಾಂಜಲವಾಗಿ ನಿರೂಪಿಸಿ ಅರ್ಜಿಯನ್ನು ಕಳುಹಿಸಿರಿ. ಆಯ್ಕೆ ಮಾಡುವುದು ಕೆಲಸ ಕೊಡುವವರ ಕರ್ತವ್ಯ. ನಮ್ಮನ್ನು ನಾವೇ ತಿರಸ್ಕರಿಸಿಕೊಳ್ಳುವುದು ನಮ್ಮ ಕರ್ತವ್ಯವಲ್ಲ.