ಊರ ವೈದ್ಯರ ಟಿಪ್ಪಣಿ ಪುಸ್ತಕ

(ಶಾಲಾ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ವೈದ್ಯಕೀಯ ಸಂಶೋಧನೆ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ದೊಡ್ಡ ನಗರದ ದೊಡ್ಡ ಆಸ್ಪತ್ರೆ, ಬಿಳಿಯ ನಿಲುವಂಗಿ ತೊಟ್ಟ ತಜ್ಞರು, ಗಾಜಿನ ನಳಿಗೆಗಳು ಮತ್ತು ಕೋಟಿ ರೂಪಾಯಿ ಬೆಲೆಬಾಳುವ ಯಂತ್ರಗಳು. ಬಸ್ಸು ನಿಲ್ಲುವಲ್ಲಿ ಎರಡು ಕೋಣೆಯ ಕಟ್ಟಡದಲ್ಲಿ ಕುಳಿತು ಜ್ವರ, ಕೆಮ್ಮು, ಹೊಟ್ಟೆನೋವುಗಳಿಗೆ ಮದ್ದು ಕೊಡುವ ಊರ ಡಾಕ್ಟರನ್ನು ಸಂಶೋಧಕರೆಂದು ನಾವಾರೂ ಎಣಿಸುವುದಿಲ್ಲ. ಈ ಎಣಿಕೆ ಸರಿಯಲ್ಲವೆಂಬುದನ್ನು ಮೂವರು ವೈದ್ಯರ ಕಾರ್ಯದಿಂದ ತಮಗೆ ನಿವೇದಿಸಬೇಕೆಂದು ಬಂದಿದ್ದೇನೆ. ಅವರಲ್ಲಿ ಒಬ್ಬರು ನಮ್ಮ ಕಾಸರಗೋಡು ಜಿಲ್ಲೆಯಲ್ಲಿಯೇ ಕೆಲಸ ಮಾಡಿದವರು.

ಮೊದಲು ಒಂದು ಲೆಕ್ಕ. ಅಮೆರಿಕದ ಕೆರ್ ವೈಟ್ ಎಂಬ ವೈದ್ಯರೂ ಅವರ ಸಂಗಡಿಗರೂ ಅಮೆರಿಕ ಮತ್ತು ಬ್ರಿಟನ್ ದೇಶಗಳ ಅಂಕಿಸಂಖ್ಯೆಗಳನ್ನು ಕೂಡಿಸಿ 1961ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಸಾವಿರ ಮಂದಿ ವಯಸ್ಕರನ್ನು ತೆಗೆದುಕೊಂಡರೆ, ಒಂದು ತಿಂಗಳಲ್ಲಿ 750 ಮಂದಿಗೆ ಏನಾದರೊಂದು ಅಸೌಖ್ಯವುಂಟಾಗುತ್ತದೆ. 250 ಮಂದಿ ವೈದ್ಯರ ಬಳಿಗೆ ಹೋಗುತ್ತಾರೆ. 9 ಮಂದಿ ಆಸ್ಪತ್ರೆಗೆ ಸೇರುತ್ತಾರೆ. ವೈದ್ಯಕೀಯ ಕಾಲೇಜಿನ ಮಹಾಸ್ಪತ್ರೆಯ ಬಾಗಿಲನ್ನು ಮುಟ್ಟುವವನು ಒಬ್ಬನೇ ಒಬ್ಬ. 2001ರಲ್ಲಿ ಅಮೆರಿಕದಲ್ಲಿ ಇದೇ ಲೆಕ್ಕವನ್ನು ಮತ್ತೊಮ್ಮೆ ಹಾಕಿದಾಗಲೂ ಚಿತ್ರವು ಹೆಚ್ಚು ಬದಲಾಗಿರಲಿಲ್ಲ. ವೈದ್ಯವಿದ್ಯೆ ಕಲಿಯುವವರು ಕಲಿಯುವುದು ಬಹುಮಟ್ಟಿಗೆ ಆ ಒಬ್ಬನ ಮಂಚದ ಬಳಿಯಲ್ಲಿ. ಉಳಿದ 999 ಮಂದಿಯ ವಿಚಾರವನ್ನು ಬಲ್ಲವರು ಯಾರು? ಅವರ ನಡುವೆ ಬಾಳುವ ಸಾಮಾನ್ಯ ವೈದ್ಯರು. ಅದೂ ಅವರು ಕಂಡದ್ದನ್ನು ಬರೆದಿಟ್ಟರೆ ಮಾತ್ರ.

ಹಾಗೆ ಬರೆದಿಟ್ಟವರಲ್ಲಿ ಮೊದಲು ನೆನೆಯತಕ್ಕವರು ವಿಲಿಯಂ ಪಿಕಲ್ಸ್. ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದಲ್ಲಿ ವೆನ್ಸ್‌ಲಿಡೇಲ್ ಎಂಬ ಕಣಿವೆಯಿದೆ. ಹುಲ್ಲುಗಾವಲು, ಕುರಿಮಂದೆ, ಕಲ್ಲಿನ ಗೋಡೆಗಳ ನಡುವೆ ಚದರಿದ ಸಣ್ಣ ಹಳ್ಳಿಗಳು. ಅಲ್ಲಿನ ಐಸ್‌ಗಾರ್ತ್ ಎಂಬ ಹಳ್ಳಿಯಲ್ಲಿ ಪಿಕಲ್ಸರು ಸುಮಾರು ಅರ್ಧ ಶತಮಾನ ವೈದ್ಯವೃತ್ತಿ ನಡೆಸಿದರು. ತಮ್ಮ ಕಣಿವೆಯ ಸಾಂಕ್ರಾಮಿಕ ರೋಗಗಳನ್ನೆಲ್ಲ ಅವರು ದಿನಾಂಕ ಸಹಿತ ಗುರುತಿಸಿಡುತ್ತಿದ್ದರು. ಯಾವ ಹಳ್ಳಿಯಲ್ಲಿ, ಯಾವ ದಿನ, ಯಾರಿಗೆ ಯಾವ ಕಾಯಿಲೆ ತಗಲಿತು ಎಂಬುದನ್ನು ದೊಡ್ಡ ಪಟಗಳ ಮೇಲೆ ಬಣ್ಣದ ಗುರುತುಗಳಿಂದ ತುಂಬುವ ಕೆಲಸದಲ್ಲಿ ಅವರ ಪತ್ನಿಯೂ ನೆರವಾದರು.

ಆ ಪಟದಿಂದ ಏನಾಯಿತೆಂದರೆ, 1929ರ ಸುಮಾರಿಗೆ ಕಣಿವೆಯಲ್ಲಿ ಕಾಮಾಲೆ ಹರಡಿತು. ಸುಮಾರು 5,700 ಜನಸಂಖ್ಯೆಯಲ್ಲಿ 250ರಷ್ಟು ಮಂದಿಗೆ ಅದು ತಗಲಿತು. ಒಂದು ದಿನ ಬೆಳಗ್ಗೆ ಪಿಕಲ್ಸರು ಹಾಸಿಗೆ ಹಿಡಿದಿದ್ದ ಒಬ್ಬ ಹುಡುಗಿಯನ್ನು ನೋಡಿ ಬಂದಿದ್ದರು. ಆಕೆ ಅಂದು ಏಳಲಾರಳೆಂದೇ ಅವರು ಭಾವಿಸಿದ್ದರು. ಆದರೆ ಹುಡುಗಿಯ ಉತ್ಸಾಹವೇ ಬೇರೆ. ಮಧ್ಯಾಹ್ನ ಹಳ್ಳಿಯ ಉತ್ಸವದಲ್ಲಿ ನೋಡಿದರೆ ಆಕೆ ಅಲ್ಲಿಯೇ ಇದ್ದಾಳೆ! ಸುಮಾರು ಒಂದು ತಿಂಗಳ ಬಳಿಕ ಅಲ್ಲಿ ನೆರೆದಿದ್ದವರಲ್ಲಿ ಹಲವರಿಗೆ ಕಣ್ಣು ಹಳದಿಯಾಯಿತು. ಇಂತಹ ಭೇಟಿಗಳನ್ನು ಒಂದೊಂದಾಗಿ ಜೋಡಿಸಿ, ಈ ರೋಗವು ತಗಲಿದ ಬಳಿಕ ಹೊರಗೆ ಕಾಣಿಸಿಕೊಳ್ಳಲು 26ರಿಂದ 35 ದಿನಗಳು ಬೇಕೆಂದು ಅವರು ನಿರ್ಣಯಿಸಿದರು. ನಗರದ ವೈದ್ಯರಿಗೆ ಇದು ಅಸಾಧ್ಯವಾಗಿತ್ತು. ನಗರದಲ್ಲಿ ಒಬ್ಬನು ಒಂದು ದಿನದಲ್ಲಿ ನೂರಾರು ಜನರ ಮೈಗೆ ಮೈ ತಾಗಿಸಿ ನಡೆಯುತ್ತಾನೆ. ಯಾರಿಂದ ಯಾವುದು ಬಂತೆಂದು ಹೇಳುವ ಬಗೆ ಯಾವುದು? ಹಳ್ಳಿಯಲ್ಲಿ ಯಾರ ಮನೆಗೆ ಯಾರು, ಯಾವ ವಾರ ನೆಂಟರಾಗಿ ಬಂದರು ಎಂಬುದು ಎಲ್ಲರಿಗೂ ಗೊತ್ತು. (ಈ ವಿಷಯದಲ್ಲಿ ಯಾರ್ಕ್‌ಶೈರಿಗೂ ನಮ್ಮ ಊರಿಗೂ ಭೇದವಿಲ್ಲವೆಂದು ಕಾಣುತ್ತದೆ.) ಪಿಕಲ್ಸರ ಗ್ರಂಥವು 1939ರಲ್ಲಿ ಬೆಳಕು ಕಂಡಿತು. 1952ರಲ್ಲಿ ಬ್ರಿಟನ್ನಿನಲ್ಲಿ ಸ್ಥಾಪನೆಗೊಂಡ ಸಾಮಾನ್ಯ ವೈದ್ಯರ ಕಾಲೇಜಿನ ಪ್ರಥಮ ಅಧ್ಯಕ್ಷರಾಗಿ ಈ ಹಳ್ಳಿಯ ವೈದ್ಯರನ್ನೇ ಆರಿಸಿದರು.

ಎರಡನೆಯವರು ಜೂಲಿಯನ್ ಟ್ಯೂಡರ್ ಹಾರ್ಟ್. ದಕ್ಷಿಣ ವೇಲ್ಸಿನಲ್ಲಿ ಗ್ಲಿನ್‌ಕೊರಗ್ ಎಂಬ ಕಲ್ಲಿದ್ದಲ ಗಣಿಯ ಹಳ್ಳಿಗೆ ಅವರು 1961ರಲ್ಲಿ ಬಂದರು. ಅಲ್ಲಿದ್ದುದು ಸುಮಾರು 2,000 ಜನ. ಹಾರ್ಟರು ಹಿಡಿದ ಕೆಲಸ ರಕ್ತದೊತ್ತಡದ್ದು. ರಕ್ತದೊತ್ತಡವು ಮೋಸಗಾರ ಕಾಯಿಲೆ. ನೋವಿಲ್ಲ, ಜ್ವರವಿಲ್ಲ, ನಿದ್ದೆಗೆ ಭಂಗವಿಲ್ಲ. ಒಂದು ದಿನ ಪಾರ್ಶ್ವವಾಯು ಬಡಿದಾಗಲೇ ಮನೆಯವರಿಗೆ ತಿಳಿಯುವುದು. ಆದುದರಿಂದ ಕಾಯಿಲೆಯವನು ಬರಲೆಂದು ಕಾಯದೆ, 1968ರಿಂದ ಹಳ್ಳಿಯ ವಯಸ್ಕರೆಲ್ಲರ ಒತ್ತಡವನ್ನು ಅಳೆಯತೊಡಗಿದರು. ಬಾರದವರನ್ನು ಮತ್ತೆ ಮತ್ತೆ ಕರೆದರು. ಉಪ್ಪಿನ ಪರಿಣಾಮವನ್ನು ಅರಿಯಲು ಹಳ್ಳಿಯ ಜನರೇ 24 ಗಂಟೆಗಳ ಮೂತ್ರವನ್ನು ಶೇಖರಿಸಿ ತಂದುಕೊಟ್ಟರು. ಇಂತಹ ಕೆಲಸವನ್ನು ಹೊಸಬರಾದ ವೈದ್ಯರು ಹೇಳಿದರೆ ಜನ ನಕ್ಕಾರು. ಹತ್ತು ವರ್ಷ ತಮ್ಮೊಡನೆ ಬಾಳಿದವರು ಹೇಳಿದ್ದರಿಂದ ಮಾಡಿದರು. ಸುಮಾರು 25 ವರ್ಷಗಳ ಈ ಕಾರ್ಯದ ವರದಿಯು 1991ರಲ್ಲಿ ಪ್ರಕಟವಾಯಿತು. 65 ವರ್ಷ ತುಂಬುವ ಮೊದಲೇ ಸಾಯುವವರ ಪ್ರಮಾಣವು ಅಂತಹುದೇ ಬಡತನದ ನೆರೆಯ ಹಳ್ಳಿಗಿಂತ ಗ್ಲಿನ್‌ಕೊರಗಿನಲ್ಲಿ ಸ್ಪಷ್ಟವಾಗಿ ಕಡಿಮೆಯಿತ್ತು. ಒಂದೇ ಹಳ್ಳಿಯ ಹೋಲಿಕೆಯಾದುದರಿಂದ ಇದು ಪೂರ್ಣ ಪ್ರಮಾಣವಲ್ಲವೆಂದು ಹೇಳುವವರಿದ್ದಾರೆ. ಅದು ನ್ಯಾಯವೇ. ಆದರೂ ಅಂತಹ ಇನ್ನೊಂದು ಪ್ರಯತ್ನ ಎಲ್ಲಿಯೂ ಸುಲಭವಾಗಿ ಸಿಕ್ಕದು.

ಹಾರ್ಟರ ಹೆಸರು ಜಗತ್ತಿಗೆ ತಿಳಿದದ್ದು ಇನ್ನೊಂದು ಕಾರಣದಿಂದ. ಎಲ್ಲಿ ವೈದ್ಯರ ಅಗತ್ಯ ಅತ್ಯಧಿಕವಾಗಿದೆಯೋ ಅಲ್ಲಿಯೇ ಒಳ್ಳೆಯ ವೈದ್ಯಸೇವೆ ಅತ್ಯಲ್ಪವಾಗಿ ದೊರೆಯುತ್ತದೆ ಎಂಬ ಅಂಶವನ್ನು ಅವರು 1971ರಲ್ಲಿ ಒಂದು ನಿಯಮದ ರೂಪದಲ್ಲಿ ಮಂಡಿಸಿದರು. ವಿಲೋಮ ಪ್ರಮಾಣವೆಂದು ಗಣಿತದಲ್ಲಿ ನೀವು ಓದಿದ್ದೀರಿ, ಅದೇ ಇದು. ಇಂದಿಗೂ ವೈದ್ಯಕೀಯ ಪತ್ರಿಕೆಗಳಲ್ಲಿ ಈ ನಿಯಮದ ಚರ್ಚೆ ನಡೆಯುತ್ತಲೇ ಇದೆ. ಅದು ಸುಳ್ಳಾದ ದೇಶವನ್ನು ನಾನು ಕೇಳಿಲ್ಲ.

ಇನ್ನು ಮೂರನೆಯವರು. ನಮ್ಮ ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮವನ್ನು ಇಲ್ಲಿ ಬಲ್ಲವರು ಅನೇಕರಿದ್ದೀರಿ. ಗುಡ್ಡಗಳ ನೆತ್ತಿಯಲ್ಲಿ ಸರಕಾರಕ್ಕೆ ಸೇರಿದ ತೋಟ ನಿಗಮದ ಗೇರುತೋಟ. ಕೆಳಗೆ ಕಣಿವೆಯಲ್ಲಿ ಮನೆ, ಅಡಿಕೆತೋಟ, ಸುರಂಗ, ತೋಡು. ಗೇರುಹೂವಿಗೆ ಬರುವ ಕೀಟವನ್ನು ಕೊಲ್ಲಲು ಎಂಡೋಸಲ್ಫಾನ್ ಎಂಬ ವಿಷವನ್ನು ಎರಡು ದಶಕಗಳಿಗೂ ಹೆಚ್ಚು ಕಾಲ, 2000ನೆಯ ಇಸವಿಯ ವರೆಗೆ, ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದರು. ಗಾಳಿಗೆ ತೋಟದ ಗಡಿ ತಿಳಿಯದು. ಮಳೆನೀರಿಗಂತೂ ಇಳಿಯುವ ದಾರಿ ಒಂದೇ.

ಪಡ್ರೆಯ ವಾಣೀನಗರದಲ್ಲಿ ಡಾಕ್ಟರ್ ವೈ. ಎಸ್. ಮೋಹನ ಕುಮಾರ್ 1980ರ ದಶಕದಿಂದ ಸಾಮಾನ್ಯ ವೈದ್ಯರಾಗಿ ನೆಲೆಸಿದರು. ಜ್ವರ, ಕೆಮ್ಮುಗಳ ನಡುವೆ ಅವರ ಕಣ್ಣಿಗೆ ಬೇರೊಂದು ಸಂಗತಿ ಬಿತ್ತು. ಹುಟ್ಟಿನಿಂದಲೇ ಅಂಗವೈಕಲ್ಯವುಳ್ಳ ಮಕ್ಕಳು, ಅಪಸ್ಮಾರ, ಬುದ್ಧಿಯ ಬೆಳವಣಿಗೆ ಕುಂಠಿತವಾದವರು, ಮಾನಸಿಕ ಅಸ್ವಾಸ್ಥ್ಯ, ಕ್ಯಾನ್ಸರ್ — ಇವೆಲ್ಲ ಇಷ್ಟು ಸಣ್ಣ ಸೀಮೆಯಲ್ಲಿ ಇಷ್ಟೊಂದು ಏಕೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಈ ರೋಗಿಗಳು ದೊಡ್ಡ ಆಸ್ಪತ್ರೆಗಳಿಗೂ ಹೋಗಿದ್ದರು. ಆದರೆ ಅಲ್ಲಿ ಒಬ್ಬನು ನರರೋಗದ ವಿಭಾಗಕ್ಕೆ, ಇನ್ನೊಬ್ಬಳು ಪ್ರಸೂತಿ ವಿಭಾಗಕ್ಕೆ, ಮತ್ತೊಬ್ಬನು ಬೇರೆಯೇ ಊರಿಗೆ. ಇವರೆಲ್ಲರೂ ಒಂದೇ ತೋಡಿನ ನೀರು ಕುಡಿದವರೆಂದು ಆ ತಜ್ಞರಲ್ಲಿ ಯಾರಿಗೆ ತಿಳಿಯಬೇಕು? ಮನೆಮನೆಯನ್ನೂ ಬಲ್ಲ ಊರ ವೈದ್ಯರಿಗೆ ಅದು ತಿಳಿಯಿತು. ಅವರು ಅದನ್ನು ಬರೆದು ಇತರ ವೈದ್ಯರ ಗಮನಕ್ಕೆ ತಂದರು. ಪತ್ರಕರ್ತರಾದ ಶ್ರೀ ಪಡ್ರೆಯವರು ಲೋಕಕ್ಕೆ ತಿಳಿಸಿದರು.

ಮುಂದೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಶಾಲಾಬಾಲಕರನ್ನು ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಗೇರುತೋಟದ ಬುಡದ ಗ್ರಾಮದ 117 ಹುಡುಗರನ್ನೂ, ಸಿಂಪಡಣೆಯಿಲ್ಲದ ಕಡೆಯ 90 ಹುಡುಗರನ್ನೂ ಹೋಲಿಸಿದ್ದಾರೆ. ಸಿಂಪಡಣೆ ನಿಂತು ತಿಂಗಳುಗಳು ಕಳೆದಿದ್ದರೂ ಮೊದಲಿನವರ ರಕ್ತದಲ್ಲಿ ಎಂಡೋಸಲ್ಫಾನಿನ ಅಂಶವು ಇತರರಿಗಿಂತ ಐದು ಪಟ್ಟಿಗೂ ಮಿಕ್ಕಿತ್ತು. ಅವರು ಪ್ರಾಯಕ್ಕೆ ಬರುವುದೂ ತಡವಾಗಿತ್ತು. ಯಾವ ಕಾಯಿಲೆಗೆ ಈ ವಿಷವು ಎಷ್ಟರಮಟ್ಟಿಗೆ ಕಾರಣವೆಂಬ ವಾದವು ವಿಜ್ಞಾನಿಗಳಲ್ಲಿ ಮುಗಿದಿಲ್ಲ. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳೂ ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದವು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಇವಕ್ಕೆಲ್ಲ ಬಹು ಮಂದಿಯ ಹೋರಾಟ ಕಾರಣ, ನಿಜ. ಆ ಹೋರಾಟಕ್ಕೂ ಮುಂಚೆ ಒಬ್ಬ ಊರ ವೈದ್ಯರ ಸಂದೇಹವಿತ್ತು.

ಈ ಮೂವರಲ್ಲಿಯೂ ಸಮಾನವಾದದ್ದು ಏನೆಂದರೆ ಅವರು ಒಂದೆಡೆ ಬಹುಕಾಲ ನಿಂತರು. ಈಚಿನ ಸಂಶೋಧನೆಯೂ ಇದರ ಕಡೆಗೇ ತಿರುಗಿದೆ. ನಾರ್ವೆ ದೇಶದಲ್ಲಿ ಪ್ರತಿಯೊಬ್ಬನಿಗೂ ಒಬ್ಬ ನಿಯತ ವೈದ್ಯರನ್ನು ಗೊತ್ತುಮಾಡುವ ಕ್ರಮವಿದೆ. ಅಲ್ಲಿನ 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದ ವರದಿಯೊಂದು 2021ರಲ್ಲಿ ಹೊರಬಂತು. ಒಬ್ಬರೇ ವೈದ್ಯರ ಬಳಿ ಒಂದೇ ವರ್ಷ ಇದ್ದವರಿಗೂ, 15 ವರ್ಷಕ್ಕೆ ಮೀರಿ ಇದ್ದವರಿಗೂ ಹೋಲಿಸಿದಾಗ, ಎರಡನೆಯ ಗುಂಪಿನಲ್ಲಿ ತುರ್ತಾಗಿ ಆಸ್ಪತ್ರೆ ಸೇರುವ ಸಂಭವವೂ ಸಾವಿನ ಸಂಭವವೂ ಸುಮಾರು ಕಾಲು ಭಾಗದಷ್ಟು ಕಡಿಮೆಯಿತ್ತು. ಯಾವ ಹೊಸ ಮಾತ್ರೆಯಾದರೂ ಇಷ್ಟು ಸಾಧಿಸಿದ್ದರೆ ಪತ್ರಿಕೆಗಳ ಮೊದಲ ಪುಟದಲ್ಲಿ ಬರುತ್ತಿತ್ತು.

ಆದರೆ ಕಾಲದ ಗತಿ ವಿರುದ್ಧವಾಗಿದೆ. ಇಂಗ್ಲೆಂಡಿನಲ್ಲಿಯೇ ತಮ್ಮ ಪರಿಚಿತ ವೈದ್ಯರನ್ನು ಕಾಣಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸಮಯವೂ ಇಲ್ಲ. 67 ದೇಶಗಳನ್ನು ಕುರಿತ 2017ರ ಒಂದು ಅವಲೋಕನದಂತೆ, ವೈದ್ಯರು ಒಬ್ಬ ರೋಗಿಗೆ ಕೊಡುವ ಹೊತ್ತು ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಲೋಕದ ಅರ್ಧದಷ್ಟು ಜನರು ಬಾಳುವ ದೇಶಗಳಲ್ಲಿ ಅದು ಐದು ನಿಮಿಷವನ್ನು ಮೀರುವುದಿಲ್ಲ. ಅಷ್ಟರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲುನೋವು, ಮನಸ್ಸಿನ ಬೇಸರ ಎಲ್ಲವೂ ಒಟ್ಟಿಗೇ ಇರುವ ಅಜ್ಜಿಯೊಬ್ಬಳು ಏನು ಹೇಳಿಯಾಳು?

ಗಡಿನಾಡಿನ ನಮಗೆ ಇನ್ನೊಂದು ತೊಡಕು ಇದೆ. ಕೇರಳ ಸರಕಾರವು 2017ರಲ್ಲಿ ಆರ್ದ್ರಂ ಎಂಬ ಯೋಜನೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳನ್ನಾಗಿ ಮಾಡತೊಡಗಿತು. ನಮ್ಮ ಜಿಲ್ಲೆಯ ಕಯ್ಯೂರಿನ ಕೇಂದ್ರವು ರಾಷ್ಟ್ರೀಯ ಗುಣಮಟ್ಟದ ಪರೀಕ್ಷೆಯಲ್ಲಿ ನೂರಕ್ಕೆ 99 ಅಂಕ ಗಳಿಸಿ ಕೀರ್ತಿ ತಂದಿತು, ಹೆಮ್ಮೆಪಡತಕ್ಕ ಸಂಗತಿ. ಆದರೆ ವರ್ಗವಾಗಿ ಬರುವ ವೈದ್ಯರಿಗೆ ಮಲಯಾಳ ಬರುತ್ತದೆ. ಅಜ್ಜಿಗೆ ತುಳು, ಕನ್ನಡ ಮಾತ್ರ ಬರುತ್ತದೆ. ನಡುವೆ ನಿಂತು ಭಾಷಾಂತರ ಮಾಡುವವರು, ನೀವೇ, ಏಳನೆಯ, ಎಂಟನೆಯ ತರಗತಿಯ ಮಕ್ಕಳು. ಮೊಮ್ಮಗನ ಮುಂದೆ ಹೇಳಲಾಗದ ಕಾಯಿಲೆಯನ್ನು ಅಜ್ಜಿ ಹೇಳುವುದೇ ಇಲ್ಲ. ಹೀಗಾಗಿ ಸಣ್ಣ ಕಾಯಿಲೆಗೂ ಮಂಗಳೂರಿನ ಬಸ್ಸು ಹತ್ತುವುದು ನಮ್ಮಲ್ಲಿ ಅಭ್ಯಾಸವಾಗಿದೆ. 2020ರ ಮಾರ್ಚಿಯಲ್ಲಿ ಕೋವಿಡ್ಡಿನ ಭಯದಿಂದ ತಲಪಾಡಿಯ ದಾರಿ ಮುಚ್ಚಿದಾಗ, ನ್ಯಾಯಾಲಯಗಳು ನಡುವೆ ಬಂದು ವ್ಯವಸ್ಥೆಯಾಗುವವರೆಗೆ, ನಮ್ಮ ರೋಗಿಗಳು ಪಟ್ಟ ಪಾಡು ತಮ್ಮ ನೆನಪಿನಲ್ಲಿದೆ. ಹೃದಯದ ಶಸ್ತ್ರಚಿಕಿತ್ಸೆಗೆ ಮಹಾಸ್ಪತ್ರೆ ಬೇಕೇ ಬೇಕು. ಒತ್ತಡದ ಮಾತ್ರೆಗೆ ಗಡಿ ದಾಟಬೇಕಾಗಿಲ್ಲ.

ಇಲ್ಲಿಯ ಕನ್ನಡದ ಮಕ್ಕಳಲ್ಲಿ ವೈದ್ಯವಿದ್ಯೆಗೆ ಹೋಗುವವರು ಇಂದು ಸಾಕಷ್ಟಿದ್ದಾರೆ. ಹಿಂದಿರುಗಿ ಬಂದು ಊರಲ್ಲಿ ನಿಲ್ಲುವವರು ಕಡಿಮೆ. ಸಾಮಾನ್ಯ ವೈದ್ಯನೆಂದರೆ ತಜ್ಞನಾಗಲಾರದೆ ಉಳಿದವನೆಂದು ವರಾನ್ವೇಷಣೆಯಲ್ಲಿ ಕೂಡ ನಾವೇ ತಾತ್ಸಾರ ಮಾಡುತ್ತೇವಷ್ಟೆ. ಕುಟುಂಬ ವೈದ್ಯಶಾಸ್ತ್ರವೆಂಬುದು ಎಂ.ಡಿ. ಪದವಿಯವರೆಗೆ ಓದತಕ್ಕ ಶಾಸ್ತ್ರವೆಂಬುದನ್ನೂ, ಕೋಝಿಕ್ಕೋಡಿನ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಅದನ್ನು ಕಲಿಸುತ್ತಾರೆಂಬುದನ್ನೂ ರಕ್ಷಕರು ಗಮನಿಸಬೇಕು.

ವೈದ್ಯರು ವರ್ಗವಾಗುವುದನ್ನು ನಾವು ತಡೆಯಲಾರೆವು. ಆದರೆ ಟಿಪ್ಪಣಿ ಪುಸ್ತಕವನ್ನು ಮನೆಯಲ್ಲಿ ಇಡಬಲ್ಲೆವು. ಮನೆಯ ಹಿರಿಯರ ಹೆಸರಿನಲ್ಲಿ ಒಂದೊಂದು ಸಣ್ಣ ಪುಸ್ತಕ ಮಾಡಿ, ದಿನಾಂಕ, ರಕ್ತದೊತ್ತಡದ ಎರಡು ಅಂಕೆಗಳು, ಸಕ್ಕರೆಯ ಅಂಕೆ, ಮಾತ್ರೆಯ ಹೆಸರು, ಅದನ್ನು ಬಿಟ್ಟಿದ್ದರೆ ಬಿಟ್ಟ ದಿನ, ಇಷ್ಟನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯು ಬರೆಯಬಲ್ಲನು. ವಿವರಗಳು ಕನ್ನಡದಲ್ಲಿರಲಿ, ಅಡ್ಡಿಯಿಲ್ಲ. ಅಂಕೆಗಳನ್ನೂ ಮಾತ್ರೆಯ ಹೆಸರನ್ನೂ ಮಾತ್ರ ಹೊಸದಾಗಿ ಬರುವ ಯಾವ ವೈದ್ಯರೂ ಓದುವಂತೆ ಇಂಗ್ಲಿಷಿನಲ್ಲಿ ಬರೆಯಿರಿ. ಆಸ್ಪತ್ರೆಗೆ ಹೋಗುವಾಗ ಪುಸ್ತಕವನ್ನು ಮರೆಯದೆ ಒಯ್ಯಿರಿ.