ಬಾಯ್ಲರಿನ ನೀರು ಎಷ್ಟು ಬಿಸಿಯಿರಬೇಕು?

ಬ್ರಿಟನ್ನಿನ ಬಹುಪಾಲು ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಗ್ಯಾಸ್ ಬಾಯ್ಲರ್. ಅಲ್ಲಿ ನೆಲೆಸಿದ ಎಷ್ಟೋ ಕನ್ನಡಿಗರ ಮನೆಗಳಲ್ಲೂ ಅದೇ ಏರ್ಪಾಡು. ಗ್ಯಾಸಿನ ಬಿಲ್ಲು ಏರಿದಾಗ ಕೈ ಮೊದಲು ಹೋಗುವುದು ಗೋಡೆಯ ಮೇಲಿನ ಥರ್ಮೋಸ್ಟಾಟಿಗೆ. ಕೋಣೆಯ ಬಿಸಿಯನ್ನು ಒಂದು ಡಿಗ್ರಿ ತಗ್ಗಿಸಿದರೂ ಉಳಿತಾಯ ಉಂಟು, ನಿಜ. ಆದರೆ ಅದಕ್ಕೂ ಮೊದಲು ನೋಡಬೇಕಾದದ್ದು, ಬಾಯ್ಲರ್ ರೇಡಿಯೇಟರುಗಳಿಗೆ ಎಷ್ಟು ಬಿಸಿಯ ನೀರನ್ನು ಕಳಿಸುತ್ತಿದೆ ಎಂಬುದನ್ನು. ಇದನ್ನು ಇಳಿಸಿದರೆ, ಚಳಿಯಲ್ಲಿ ಕೂರದೆಯೇ ಗ್ಯಾಸು ಉಳಿಸಬಹುದು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರಿಂದ ಹೊಸದಾಗಿ ಕೂರಿಸುವ ಬಾಯ್ಲರುಗಳು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಂಡೆನ್ಸಿಂಗ್ ಬಗೆಯವೇ ಆಗಿರಬೇಕು. ಗ್ಯಾಸು ಉರಿಯುವಾಗ ನೀರಾವಿಯೂ ಹುಟ್ಟುತ್ತದೆ. ಇಂಧನದ ಶಾಖದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಆ ಆವಿಯಲ್ಲೇ ಅಡಗಿರುತ್ತದೆ. ಹಳೆಯ ಬಾಯ್ಲರುಗಳಲ್ಲಿ ಅದು ಹೊಗೆಕೊಳವೆಯಿಂದ ಹೊರಗೆ ಹೋಗಿಬಿಡುತ್ತಿತ್ತು. ಅನ್ನದ ಪಾತ್ರೆಯ ಹಬೆ ಮುಚ್ಚಳಕ್ಕೆ ತಗುಲಿ ಹನಿಗಟ್ಟುವಾಗ ಮುಚ್ಚಳವನ್ನು ಬಿಸಿಮಾಡುತ್ತದಲ್ಲ, ಹಾಗೆಯೇ ಕಂಡೆನ್ಸಿಂಗ್ ಬಾಯ್ಲರಿನಲ್ಲಿ ಆವಿ ನೀರಾಗುತ್ತ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಆದರೆ ಇದಕ್ಕೆ ರೇಡಿಯೇಟರುಗಳಿಂದ ಮರಳಿ ಬರುವ ನೀರು ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು. ಇನ್ನೂ ತಣ್ಣಗಿದ್ದಷ್ಟೂ ಲಾಭ ಹೆಚ್ಚು. 75-80 ಡಿಗ್ರಿಯ ನೀರು ಕಳಿಸಿದರೆ, ಮರಳುವಾಗಲೂ ಅದು ಸಾಮಾನ್ಯವಾಗಿ ಈ ಮಿತಿಯ ಮೇಲೆಯೇ ಇರುತ್ತದೆ. ಆಗ ಹೊಸ ಬಾಯ್ಲರೂ ಹಳೆಯದರಂತೆ ಆವಿಯ ಶಾಖವನ್ನು ಹೊರಗೆ ಚೆಲ್ಲುತ್ತದೆ. ಕಳಿಸುವ ನೀರನ್ನು 60 ಡಿಗ್ರಿಗೆ ಇಳಿಸಿದರೆ ಬಾಯ್ಲರಿಗೆ ತನ್ನ ನಿಜವಾದ ಕೆಲಸ ಮಾಡಲು ಅವಕಾಶ ಸಿಗುತ್ತದೆ.

ರೇಡಿಯೇಟರು ಮೊದಲಿನಷ್ಟು ಸುಡದಿದ್ದರೆ ಮನೆ ಬೆಚ್ಚಗಾದೀತೇ ಎಂದು ನೀವು ಕೇಳಬಹುದು. ಆಗುತ್ತದೆ, ಸ್ವಲ್ಪ ನಿಧಾನವಾಗಿ. ಟೈಮರನ್ನು ತುಸು ಮುಂಚೆಯೇ ಶುರುವಾಗುವಂತೆ ಇಟ್ಟುಕೊಂಡರಾಯಿತು. ಕೊರೆಯುವ ಚಳಿಯಲ್ಲಿ, ಅಥವಾ ರೇಡಿಯೇಟರುಗಳು ಚಿಕ್ಕವಾಗಿದ್ದು ಕೋಣೆ ಬೇಕಾದಷ್ಟು ಬೆಚ್ಚಗಾಗದಿದ್ದರೆ, ಐದು ಡಿಗ್ರಿ ಏರಿಸಿ ನೋಡಬಹುದು. ಇದಕ್ಕಿಂತ ಗಂಭೀರವಾದ ಆಕ್ಷೇಪ, ಕೂಡಿಟ್ಟ ಉಗುರುಬೆಚ್ಚಗಿನ ನೀರಿನಲ್ಲಿ ಬೆಳೆದು ಕಾಯಿಲೆ ತರಬಲ್ಲ ಲೀಜನೆಲ್ಲಾ ಬ್ಯಾಕ್ಟೀರಿಯಾದ್ದು. ಬಿಸಿನೀರನ್ನು ಸಿಲಿಂಡರಿನಲ್ಲಿ ಕೂಡಿಡುವ ಮನೆಗಳಲ್ಲಿ ಆ ನೀರು 60 ಡಿಗ್ರಿ ಮುಟ್ಟಲೇಬೇಕು. ಅದಕ್ಕೆ ಬಾಯ್ಲರಿನ ನೀರು ಇನ್ನೂ ಬಿಸಿಯಿರಬೇಕಾದ್ದರಿಂದ, ತಂತ್ರಜ್ಞರನ್ನು ಕೇಳದೆ ಅಲ್ಲಿ ಏನನ್ನೂ ಇಳಿಸಬಾರದು. ನಲ್ಲಿ ತಿರುಗಿಸಿದಾಗಲೇ ನೀರು ಕಾಯಿಸುವ ಕಾಂಬಿ ಬಾಯ್ಲರುಗಳಿಗೆ ಈ ತೊಡಕಿಲ್ಲ. ರೇಡಿಯೇಟರಿಗೂ ನಲ್ಲಿಗೂ ಅವುಗಳಲ್ಲಿ ಸಾಮಾನ್ಯವಾಗಿ ಬೇರೆ ಬೇರೆ ಹೊಂದಾಣಿಕೆ ಇರುತ್ತದೆ.

ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಬೆಚ್ಚಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಲಹೆ ನೀಡಿತು. ವೃದ್ಧರಿಗೂ ಎಳೆಯ ಮಕ್ಕಳಿಗೂ ಇನ್ನಷ್ಟು ಬೆಚ್ಚಗೆ ಬೇಕಾದೀತು. ಬಿಲ್ಲಿಗೆ ಹೆದರಿ ಇಂಥವರ ಕೋಣೆಯನ್ನು ತಣ್ಣಗಿಡುವುದು ಉಳಿತಾಯವಲ್ಲ. ಮೊದಲು ಬಾಯ್ಲರಿನ ಪೋಲನ್ನು ನಿಲ್ಲಿಸೋಣ. ಥರ್ಮೋಸ್ಟಾಟನ್ನು ಎಷ್ಟಕ್ಕಿಡಬೇಕೆಂಬುದನ್ನು ಮನೆಯವರ ಆರೋಗ್ಯ ನೋಡಿ ತೀರ್ಮಾನಿಸೋಣ.