ಗಾಳಿಪಟದಿಂದ ಕೆರೆ–ಕಾಲುವೆಗಳ ಚಿತ್ರ



ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಇಲ್ಲಿನ ಬೇಸಾಯಕ್ಕೆ ಕೆರೆಗಳೇ ಆಧಾರ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಯನ್ನು ಸೇರಬೇಕು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಸಂಸ್ಕರಿಸಿದ ನೀರೂ ಹೀಗೆಯೇ ಕೆರೆಯಿಂದ ಕೆರೆಗೆ ಹರಿಯುತ್ತಿದೆ. ನಡುವೆ ಕಾಲುವೆ ಮುಚ್ಚಿದ್ದರೆ ಕೆಳಗಿನ ಊರಿಗೆ ನೀರಿಲ್ಲ. ಏರಿಯ ಮೇಲೆ ನಿಂತವರಿಗೆ ಜಾಲಿ ಪೊದೆಗಳ ಮರೆಯಲ್ಲಿ ಕಾಲುವೆಯ ಜಾಡು ತಿಳಿಯದು. ಮೇಲಿನಿಂದ ನೋಡಿದರೆ ತಿಳಿಯುತ್ತದೆ. ಇದಕ್ಕೆ ಕಡಿಮೆ ಖರ್ಚಿನ ಸಾಧನ ಗಾಳಿಪಟ.

ಈ ವಿಧಾನ ಹೊಸದಲ್ಲ. ಫ್ರಾನ್ಸಿನ ಆರ್ಥರ್ ಬಾಟು 1888ರಲ್ಲೇ ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿ ಚಿತ್ರ ತೆಗೆದರು. 1906ರಲ್ಲಿ ಭೂಕಂಪದಿಂದ ಹಾಳಾದ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಜಾರ್ಜ್ ಲಾರೆನ್ಸ್ ಇದೇ ರೀತಿ ಚಿತ್ರಿಸಿದರು. ಆಗಿನ ಭಾರವಾದ ಕ್ಯಾಮೆರಾದ ಬದಲು ಈಗ ಸುಮಾರು ಕಾಲು ಕಿಲೋ ತೂಕದ ಮೊಬೈಲ್ ಫೋನು ಸಾಕು.

ಸೂಕ್ತ ಕಾಲ ಆಷಾಢ. ಆಗ ಗಾಳಿ ಒಂದೇ ಸಮನೆ ಬೀಸುತ್ತದೆ. ಜಿಲ್ಲೆಯ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬರುವುದರಿಂದ ಕಾಲುವೆ ಸರಿಪಡಿಸಲು ಸಮಯವೂ ಸಿಗುತ್ತದೆ.

ಮಕ್ಕಳ ಕಾಗದದ ಪಟ ಈ ಭಾರ ಹೊರದು. ಸುಮಾರು ಎರಡು ಮೀಟರ್ ಅಗಲದ, ಗಟ್ಟಿ ಬಟ್ಟೆಯ ಪಟ ಬೇಕು. ಮೊದಲು ಪಟವನ್ನು ಹಾರಿಸಿ, ಅದು ನೆಲೆ ನಿಂತ ಮೇಲೆ, ಪಟದಿಂದ 20–30 ಮೀಟರ್ ಕೆಳಗೆ ದಾರಕ್ಕೆ ಫೋನನ್ನು ತೂಗುಹಾಕಬೇಕು. ಹೀಗೆ ಮಾಡಿದರೆ ಪಟದ ಎಳೆತ ಫೋನಿಗೆ ತಟ್ಟುವುದು ಕಡಿಮೆ. ಐದು ಸೆಕೆಂಡಿಗೊಂದು ಚಿತ್ರ ತಾನೇ ತೆಗೆಯುವಂತೆ ಫೋನನ್ನು ಮೊದಲೇ ಸಜ್ಜುಗೊಳಿಸಬೇಕು. 60 ಮೀಟರ್ ಎತ್ತರದಿಂದ ನೇರ ಕೆಳಗೆ ತೆಗೆದ ಒಂದು ಚಿತ್ರದಲ್ಲಿ ಸುಮಾರು ಒಂದು ಎಕರೆ ನೆಲ ಬರುತ್ತದೆ. ನೆಲದ ಮೇಲೆ ಅಳತೆ ಮಾಡಿದ ದೂರದಲ್ಲಿ ಬಿಳಿ ಚೀಲಗಳನ್ನು ಹಾಸಿದ್ದರೆ ಚಿತ್ರದಿಂದ ಉದ್ದ–ಅಗಲ ಲೆಕ್ಕ ಹಾಕಬಹುದು.

ಕೆಲವು ಎಚ್ಚರಿಕೆಗಳು ಅಗತ್ಯ. ವಿದ್ಯುತ್ ತಂತಿಗಳ ಹತ್ತಿರ ಹಾರಿಸಲೇಬಾರದು. ಲೋಹದ ತಂತಿ, ಗಾಜಿನ ಮಾಂಜಾ, ಒದ್ದೆ ದಾರ ಬೇಡ. ಗುಡುಗು–ಮಿಂಚಿನ ಮೋಡ ಕಂಡರೆ ಪಟ ಇಳಿಸಬೇಕು. ದಾರ ಹಿಡಿಯುವವರು ಕೈಗವಸು ತೊಡಬೇಕು. ಜನ, ದನಗಳ ತಲೆಯ ಮೇಲೆ ಫೋನು ತೂಗಬಾರದು. 1934ರ ವಿಮಾನ ಕಾಯಿದೆಯೇ ಗಾಳಿಪಟವನ್ನೂ ವಿಮಾನವೆಂದು ಎಣಿಸಿತ್ತು. ಆದ್ದರಿಂದ ಎತ್ತರಕ್ಕೆ ಹಾರಿಸುವ ಮುನ್ನ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಅನುಮತಿ ಪಡೆಯುವುದು ಒಳ್ಳೆಯದು.

ಮುಳಬಾಗಿಲಿನಂಥ ಬಂಡೆಗುಡ್ಡಗಳ ಸೀಮೆಯಲ್ಲಿ ಗುಡ್ಡದ ಮರೆಯ ಗಾಳಿ ಸುಳಿಯುವುದರಿಂದ ಬಯಲನ್ನೇ ಆರಿಸಬೇಕು. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಒಣಗಿದ ಮರ, ಖಾಲಿ ಗುಣಿಗಳನ್ನು ಇದರಿಂದ ಎಣಿಸಬಹುದು. ಮಾಲೂರು, ಕೋಲಾರ ತಾಲ್ಲೂಕುಗಳ ಕೆರೆಗಳಲ್ಲಿ ಹೂಳು ಎಲ್ಲಿ ನಿಂತಿದೆ, ನೀರು ಯಾವ ಕಡೆಯಿಂದ ಬರುತ್ತಿಲ್ಲ ಎಂಬುದನ್ನು ಗುರುತಿಸಬಹುದು.

ಈ ಚಿತ್ರ ಸರ್ವೆ ನಕ್ಷೆಯಲ್ಲ. ಒತ್ತುವರಿಯನ್ನು ತೀರ್ಮಾನಿಸಬೇಕಾದವರು ಸರ್ವೆಯವರೇ. ಆದರೆ ತಾರೀಖು ಬರೆದ ಚಿತ್ರವೊಂದನ್ನು ಗ್ರಾಮಸಭೆಯ ಮುಂದಿಟ್ಟರೆ, ಮೇಲೂರಿನವರೂ ಕೆಳಗಿನೂರಿನವರೂ ಒಂದೇ ಕಾಲುವೆಯನ್ನು ಒಟ್ಟಿಗೆ ನೋಡುತ್ತಾರೆ. ಕಟ್ಟಿಕೊಂಡ ಜಾಗ ಕಣ್ಣಿಗೆ ಬಿದ್ದರೆ ಗುದ್ದಲಿ ಎಲ್ಲಿ ಹಾಕಬೇಕೆಂಬ ವಾದ ಅರ್ಧ ಮುಗಿದಂತೆ. ಉಳಿದ ಕೆಲಸವನ್ನು ಮಳೆಗೆ ಮುಂಚೆ ಎಲ್ಲರೂ ಸೇರಿ ಮುಗಿಸಬೇಕು.